ಡ್ರಮ್ಮಿನೊಳಗಿನ ಸದ್ದು ಎಲ್ಲಿಗೆ ಹೋಯಿತು

ನನ್ನದು ಅನುಮಾನದ ಬುದ್ಧಿ. ಯಾರಾದರೂ ಅತಿಯಾಗಿ ನಕ್ಕು ಮಾತಾಡಿಸಿದರೆ ಇವರಿಗೆ ಏನು ಬೇಕಾಗಿದೆ ಅಂತ ಯೋಚಿಸುತ್ತೇನೆ. ಯಾವುದಾದರೂ ಕೆಲಸ ಮೊದಲ ಸಲಕ್ಕೇ ಸರಿಯಾಗಿಬಿಟ್ಟರೆ ಊಟ ರುಚಿಸುವುದಿಲ್ಲ. ಅಮ್ಮ ಇದನ್ನು ರೋಗ ಅನ್ನುತ್ತಿದ್ದಳು. ತೊಂಬತ್ತರ ದಶಕದ ನಡುವೆ ನನಗೆ ಸಿಕ್ಕಿದ ಕೆಲಸಕ್ಕೆ ಮಾತ್ರ ಈ ರೋಗ ಬೇಕೇ ಬೇಕಿತ್ತು.

ಕೆಲಸ ಇಷ್ಟು. ರಾಕೆಟ್ಟಿನ ತುದಿಯಲ್ಲಿ ಟೋಪಿಯಂಥ ಒಂದು ಕವಚ ಇರುತ್ತದೆ, ಅದರೊಳಗೆ ಉಪಗ್ರಹ ಕೂತಿರುತ್ತದೆ. ರಾಕೆಟ್ ನೆಲ ಬಿಡುವಾಗ ಹೊರಗಿನ ಆರ್ಭಟ ಕವಚವನ್ನು ದಾಟಿ ಒಳಗೆ ನುಗ್ಗುತ್ತದೆ. ಬರೀ ಆ ಸದ್ದಿಗೇ ಉಪಗ್ರಹದ ತೆಳುವಾದ ಹಲಗೆಗಳು ನಡುಗಿ ಬಿರುಕು ಬಿಡಬಹುದು. ಒಳಗೆಲ್ಲ ಮೆತ್ತೆ ಹೊದಿಸೋಣ ಅಂದರೆ ಭಾರ ಜಾಸ್ತಿ, ಅದೂ ಅಲ್ಲದೆ ಗುಡುಗಿನಂಥ ದಪ್ಪ ಸದ್ದು ಮೆತ್ತೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದಕ್ಕೆ ಇನ್ನೊಂದು ಉಪಾಯ. ಒಳಗೊಂದು ಮೈಕ್ ಇಟ್ಟು ಸದ್ದನ್ನು ಆಲಿಸುವುದು, ಕಂಪ್ಯೂಟರಿನಿಂದ ಅದಕ್ಕೆ ಪೂರಾ ತಿರುಗುಮುರುಗಾದ ಇನ್ನೊಂದು ಸದ್ದು ಹುಟ್ಟಿಸಿ ಸ್ಪೀಕರಿನಲ್ಲಿ ಬಿಡುವುದು. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತು ಎರಡೂ ತೆಪ್ಪಗಾಗಬೇಕು. ರಾಕೆಟ್ ಹಾರಿಸುವವರು ಇದನ್ನು ಪರೀಕ್ಷಿಸಲು ನಮ್ಮ ಕಾಲೇಜಿನ ಪ್ರೊಫೆಸರಿಗೆ ಒಂದು ಯೋಜನೆ ಕೊಟ್ಟಿದ್ದರು. ನಾನು ಅವರ ಸಹಾಯಕಿ.

ಕವಚದ ಬದಲಿಗೆ ನಮ್ಮ ಹತ್ತಿರ ಆಳೆತ್ತರವನ್ನೂ ಮೀರಿದ ಒಂದು ಅಲ್ಯೂಮಿನಿಯಂ ಡ್ರಮ್ಮಿತ್ತು. ಪಕ್ಕದಲ್ಲೊಂದು ಬಾಗಿಲು. ಹೊರಗಡೆ ದೊಡ್ಡ ಬಾಕ್ಸುಗಳನ್ನು ಇಟ್ಟು ಸದ್ದು ಹಚ್ಚಿದರೆ ಮೈಸೂರಿನ ನಮ್ಮ ಹಾಸ್ಟೆಲ್ಲಿನ ಕಿಟಕಿಗಳೆಲ್ಲ ಗದಗದ ನಡುಗುತ್ತಿದ್ದವು. ಬೈಗುಳ ಕೇಳಿ ಕೇಳಿ ಸಾಕಾಗಿ ಪ್ರೊಫೆಸರು ಬೇರೆ ಜಾಗ ಹುಡುಕಲು ಹೇಳಿದರು. ನನಗೆ ಚಿಕ್ಕಮ್ಮನ ಆಲೆಮನೆ ನೆನಪಾಯಿತು. ಅದು ಬೂಕನಕೆರೆ ಕಡೆಯ ಒಂದು ಊರು. ಕಬ್ಬೆಲ್ಲ ಫ್ಯಾಕ್ಟರಿಯ ದಾರಿ ಹಿಡಿದ ಮೇಲೆ ಆ ಆಲೆಮನೆಯಲ್ಲಿ ಬೆಲ್ಲ ಕಾಯಿಸುವುದು ನಿಂತುಹೋಗಿತ್ತು. ಎತ್ತರದ ಮಾಡು, ಗಟ್ಟಿ ನೆಲ, ಪಂಪ್‌ಸೆಟ್ಟಿನ ಕರೆಂಟು. ಕೇಳಿದ ತಕ್ಷಣ ಚಿಕ್ಕಮ್ಮ, "ನಿಂಗಿಲ್ದಿದ್ ಜಾಗ ಇನ್ಯಾರಿಗಮ್ಮಿ, ತಂದಾಕು" ಅಂದಳು.

ಆದರೆ ಚಿಕ್ಕಮ್ಮನ ಸ್ಥಿತಿ ಸೂಕ್ಷ್ಮವಾಗಿತ್ತು. ಚಿಕ್ಕಪ್ಪ ತೀರಿಹೋದ ಮೇಲೆ ರೇಷ್ಮೆ ಹುಳು ಸಾಕುವ ಮನೆಯನ್ನು ಅವಳೇ ನಡೆಸುತ್ತಿದ್ದಳು. ಅವಳ ಭಾವ, ಅಂದರೆ ಚಿಕ್ಕಪ್ಪನ ಅಣ್ಣ, ಗೋಡೆಯಾಚೆಗೇ ಇದ್ದ. ಹಿಂದಿನ ಬೆಳೆಯಲ್ಲಿ ಹುಳು ಕೆಟ್ಟಿದ್ದಾಗ ಆತ ಊರಿನ ನಾಲ್ಕು ಜನರನ್ನು ಕೂರಿಸಿಕೊಂಡು ಹೇಳಿದ್ದ: "ಇದೊಂದ್ ಬೆಳೆ ನೋಡ್ತೀನಿ ಕಣವ್ವ. ಮುಂದಿಂದೂ ಕೆಟ್ರೆ ಉಳದ ಮನೆ, ಸೊಪ್ಪಿನ ತ್ವಾಟ ಎಲ್ಡೂ ನಾನೇ ನೋಡ್ಕತೀನಿ. ನೀನು ನಮ್ಮನೇಲೇ ಉಂಡ್ಕಂಡಿರು." ಉಂಡ್ಕಂಡಿರು ಅಂದರೆ ಏನೆಂದು ಆ ಕಡೆಯ ಹೆಂಗಸರಿಗೆಲ್ಲ ಗೊತ್ತು. ನಮ್ಮ ಕೊಟ್ಟಿಗೆ ಬಾಚಿಕೊಂಡು, ಹಾಕಿದ್ದು ತಿಂದುಕೊಂಡು ಬಿದ್ದಿರು ಅಂತ. ಈಗ ಹೊಸ ಬೆಳೆಗೆ ಮೊಟ್ಟೆ ತಂದಿದ್ದಳು. ಈ ಹುಳು ಗೂಡು ಕಟ್ಟಿದರೆ ಅವಳ ಮನೆ ಅವಳದು. ಇಲ್ಲದಿದ್ದರೆ ಇಲ್ಲ.

ಡ್ರಮ್ಮು ಲಾರಿಯ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಊರೊಳಗೆ ಬಂದ ದಿನವೇ ಜನ ಕಳ್ಳಭಟ್ಟಿ ಕಾಯಿಸುವ ಹಂಡೆ ಅಂತ ತೀರ್ಮಾನಿಸಿದರು. ಬಾಕ್ಸುಗಳನ್ನು ನಾಗಮಂಗಲದ ಒಂದು ಮೈಕ್‌ಸೆಟ್ಟಿನ ಅಂಗಡಿಯಿಂದ ತಂದಿದ್ದೆವು. ಅಂಗಡಿಯಾತ, "ಮದ್ವೆನಾ ಎಲೆಕ್ಷನ್ನಾ?" ಅಂತ ಕೇಳಿದ್ದ. ಸದ್ದು ಕಮ್ಮಿ ಮಾಡುವುದಕ್ಕೆ ಅಂದೆ. "ಸದ್ದು ಕಮ್ಮಿ ಮಾಡಕ್ಕೆ ಇಷ್ಟ್ ದೊಡ್ ಬಾಕ್ಸ್ ಯಾಕ್ ತಾಯಿ? ಆಫ್ ಮಾಡುದ್ರಾಯ್ತಪ್ಪ" ಅಂದ. ಅವನೂ ನನ್ನನ್ನು ನಂಬಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಹೊರಗಿನ ಸದ್ದಿಗೆ ಊರವರು ತಲೆ ಕೆಡಿಸಿಕೊಳ್ಳಲಿಲ್ಲ. ಮದುವೆ, ತಿಥಿ, ಗಣಪತಿ ಎಲ್ಲಕ್ಕೂ ಮೈಕ್‌ಸೆಟ್ಟು ಕೇಳಿ ಅವರ ಕಿವಿ ಪಳಗಿತ್ತು. ಅವರಿಗೆ ಹೆದರಿಕೆಯಾಗಿದ್ದು ಇಲ್ಲದಂತಾದ ಸದ್ದಿನಿಂದ. ಅದಕ್ಕೆ ಕಾರಣ ನನ್ನದೇ ಬಡಾಯಿ. ಒಂದು ದಿನ ಚಿಕ್ಕಮ್ಮನ ಭಾವ ಕೈಕಟ್ಟಿಕೊಂಡು ಬಂದು ನಿಂತಾಗ, ಇವನಿಗೊಂದು ಪಾಠ ಕಲಿಸೋಣ ಅಂತ ಡ್ರಮ್ಮಿನ ನಡುವಿನ ಸ್ಟೂಲಿನ ಮೇಲೆ ಕೂರಿಸಿದೆ. ಮೈಕು ಆತನ ಕಿವಿಯ ಪಕ್ಕದಲ್ಲೇ ತೂಗುತ್ತಿತ್ತು. ಬಾಗಿಲು ಹಾಕಿ ಹೊರಗಿನ ಬಾಕ್ಸು ಹಚ್ಚಿದೆ. ಆಮೇಲೆ ನಮ್ಮ ತಿರುಗು ಸದ್ದನ್ನು ಬಿಟ್ಟೆ. ಬಾಗಿಲು ತೆಗೆದಾಗ ಆತನ ಮುಖ ಬಿಳಚಿಕೊಂಡಿತ್ತು.

"ಗುಂಯ್ ಅಂತಿತ್ತು, ಇದ್ದಕ್ಕಿದ್ದಂಗೆ ಇಲ್ದಂಗಾಗೋಯ್ತು" ಅಂದ. "ಎಲ್ಗೋಯ್ತಮ್ಮಿ ಅದು?"

"ಎಲ್ಲೂ ಹೋಗಲಿಲ್ಲ ದೊಡ್ಡಪ್ಪ. ಸದ್ದಿಗೆ ಸದ್ದು ಸರಿಹೋಯ್ತು."

"ಯಾರ್ ಕಿವಿಗೆ ಊವ ಮಡಗ್ತೀಯ? ಒಂದ್ ಕಡೆಯಿಂದ ತಗುದ್ರೆ ಇನ್ನೊಂದ್ ಕಡೆ ಆಕ್ಲೇಬೇಕು."

ಕೆರೆಗೆ ಎರಡು ಕಲ್ಲು ಹಾಕಿ ಅಲೆಗಳು ಒಂದನ್ನೊಂದು ಅಳಿಸುವುದನ್ನು ತೋರಿಸುತ್ತೇನೆ ಅಂದೆ. ಆತ ಕೆರೆಯ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಆ ಮಾತಿನ ಬೇರು ಎಲ್ಲಿದೆ ಅಂತ ಗೊತ್ತಾಗಿದ್ದು ಚಿಕ್ಕಮ್ಮ ಹೇಳಿದ ಮೇಲೆ. ಆ ಸೀಮೆಯಲ್ಲಿ ಊರಿಗೆ ರೋಗ ಬಂದರೆ ಮಾರಿಯನ್ನು ಗಡಿ ದಾಟಿಸುತ್ತಾರೆ. ಹಳೆಯ ಮೊರ, ಪೊರಕೆ, ಒಡೆದ ಮಡಕೆ, ಒಂದು ದೀಪ, ಎಲ್ಲ ಹೊತ್ತುಕೊಂಡು ಹೋಗಿ ಪಕ್ಕದೂರಿನ ಎಲ್ಲೆಯಲ್ಲಿಟ್ಟು ತಿರುಗಿ ನೋಡದೆ ಬರುತ್ತಾರೆ. ಆ ಊರಿನವರು ಕಂಡ ಕೂಡಲೇ ಬೈದುಕೊಂಡು ಅದರ ಮುಂದಿನ ಊರಿನ ಎಲ್ಲೆಗೆ ಸಾಗಿಸುತ್ತಾರೆ. ಹೀಗೆ ಊರಿಂದೂರಿಗೆ ಹೋಗುತ್ತದೆಯೇ ಹೊರತು ಮಾರಿ ಇಲ್ಲವಾಯಿತು ಅಂತ ಯಾರೂ ಹೇಳುವುದಿಲ್ಲ. ಬೇಡದ್ದನ್ನು ನಮ್ಮ ಮನೆಯಿಂದ ತೆಗೆದರೆ ಅದು ಇನ್ನೊಬ್ಬರ ಬಾಗಿಲಲ್ಲಿ ಇರುತ್ತದೆ, ಅಷ್ಟೆ. ಇದು ಅವರಿಗೆ ಅನುಮಾನವಲ್ಲ, ವ್ಯವಹಾರ ಜ್ಞಾನ.

ಅಷ್ಟರಲ್ಲಿ ಎದುರುಮನೆಯ ಹುಳು ಸತ್ತವು.

ಎದುರುಮನೆಯಾಕೆ ಚಿಕ್ಕಮ್ಮನ ಓರಗೆಯವಳು. ಇಬ್ಬರೂ ಒಂದೇ ಸಲ ಮೊಟ್ಟೆ ತಂದಿದ್ದರು. ಸೊಪ್ಪು ಕಮ್ಮಿಯಾದಾಗ ಒಬ್ಬರು ಇನ್ನೊಬ್ಬರಿಗೆ ಕೊಡುತ್ತಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದಾಗ ಒಬ್ಬರ ಮನೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದರು, ಇವತ್ತು ನಾನು ನಿನಗೆ, ನಾಳೆ ನೀನು ನನಗೆ ಅಂತ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಎದ್ದ ಮೇಲೆ ಆಕೆಯ ಹುಳು ಸಪ್ಪೆ ರೋಗ ಬಂದು ಮೆತ್ತಗಾಗಿ ನಾತ ಹೊಡೆದವು. ತಟ್ಟೆಗಟ್ಟಲೆ ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು. ಚಿಕ್ಕಮ್ಮನ ಹುಳು ಮಾತ್ರ ಬೆರಳುದ್ದ ಬೆಳೆದು ಸೊಪ್ಪನ್ನು ಚರಚರ ಮೇಯುತ್ತಿದ್ದವು.

"ಮಳೇಲಿ ನೆನ್ದ ಸೊಪ್ಪ ಆರಾಕ್ದೆ ಹಂಗೇ ಕೊಟ್ಟುಬುಟ್ಳು ಕಣಮ್ಮಿ, ನಾನೇ ಕಂಡೆ" ಅಂತ ಚಿಕ್ಕಮ್ಮ ನನ್ನ ಹತ್ತಿರ ಪಿಸುಗುಟ್ಟಿದಳು. ಅದನ್ನು ಎಲ್ಲರ ಮುಂದೆ ಹೇಳು ಅಂದೆ. "ಉಳ ಕಳ್ಕಂಡೋಳ್ ಮುಂದೆ ನಿಂದೇ ತಪ್ಪು ಅಂತ ಏಳ್ಳಾ? ನಾನೇನ್ ಮನುಸ್ಳಲ್ವಾ?" ಅಂತ ನನ್ನ ಮೇಲೇ ರೇಗಿದಳು.

ಅವಳು ಹೇಳಲಿಲ್ಲ, ಭಾವ ಸುಮ್ಮನಿರಲಿಲ್ಲ. ಅರಳಿಕಟ್ಟೆ, ಹಾಲಿನ ಡೈರಿ, ಸೊಸೈಟಿ, ಎಲ್ಲ ಕಡೆಯೂ ಒಂದೇ ಮಾತು ಓಡಾಡತೊಡಗಿತು. ಆಲೆಮನೆಯ ಡ್ರಮ್ಮಿನಲ್ಲಿ ಸದ್ದನ್ನು ತೆಗೆಯುತ್ತಾರೆ. ತೆಗೆದದ್ದನ್ನು ಎದುರುಮನೆಗೆ ಬಿಡುತ್ತಾರೆ. ಅದಕ್ಕೇ ಅಲ್ಲಿ ಹುಳು ಸತ್ತವು, ಇಲ್ಲಿ ಬೆಳೆದವು. ಆತನೇ ಹಬ್ಬಿಸಿದ ಅಂತ ಇವತ್ತಿಗೂ ನನ್ನ ಅನುಮಾನ. ಶೀಳನೆರೆಯಿಂದ ಬಂದ ಬಳೆಗಾರನೊಬ್ಬ ನನ್ನನ್ನೇ ನಿಲ್ಲಿಸಿ, "ಅದೇನೋ ಇಲ್ಲಿ ಸದ್ದ ಸಾಗಾಕ್ತಾರಂತಲ್ಲವ್ವ, ನಮ್ಮೂರ್ ಕಡೆಗೂ ಬಂದೀತಾ?" ಅಂತ ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಹುಳು ಚೆನ್ನಾಗಿ ಬೆಳೆದಷ್ಟೂ ಚಿಕ್ಕಮ್ಮನ ಮೇಲಿನ ಆಪಾದನೆಯೂ ಬೆಳೆಯುತ್ತಿತ್ತು. ಇಂಥ ಅನ್ಯಾಯವನ್ನು ನಾನು ಎಲ್ಲೂ ಕಂಡಿರಲಿಲ್ಲ.

ಎದುರುಮನೆಯಾಕೆ ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಚಿಕ್ಕಮ್ಮ ಕೊಟ್ಟು ಕಳಿಸಿದ ಮಜ್ಜಿಗೆಯ ಚೊಂಬು ಹಾಗೇ ವಾಪಸ್ಸು ಬಂತು, ಅಷ್ಟೆ. ಬಾವಿಯ ಹತ್ತಿರ ಉಳಿದ ಹೆಂಗಸರೂ ಮಾತು ನಿಲ್ಲಿಸತೊಡಗಿದರು. ಚಿಕ್ಕಮ್ಮ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, "ಮುಯ್ಯಾಳು ಬರ್ನಿಲ್ಲ ಅಂದ್ರೆ ನಾನೊಬ್ಳೇ ಎಷ್ಟ್ ಉಳ ಎತ್ಲಮ್ಮಿ?" ಅಂದಳು. ಹಣ್ಣಾದ ಹುಳು ಮೇಯುವುದು ಬಿಟ್ಟು ತಲೆಯೆತ್ತಿ ತೂಗಾಡುತ್ತದೆ. ಕೆಲವೇ ಗಂಟೆಯೊಳಗೆ ಒಂದೊಂದನ್ನೂ ಕೈಯಲ್ಲಿ ಆರಿಸಿ, ಚಂದ್ರಂಕಿ ಅನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಇಲ್ಲದಿದ್ದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಒಬ್ಬಳ ಕೈಯಲ್ಲಿ ಆಗುವ ಮಾತೇ ಅಲ್ಲ.

ಈ ನಡುವೆ ನನ್ನ ಸ್ವಂತ ಅನುಮಾನವೊಂದು ಬೇರೆ ಕಾಡತೊಡಗಿತ್ತು. ನಮ್ಮ ಪರೀಕ್ಷೆಯ ಫಲ ಬಹಳ ಚೆನ್ನಾಗಿ ಬರುತ್ತಿತ್ತು. ಕಂಪ್ಯೂಟರಿನ ಗೆರೆ ದಿನವೂ ಚಂದವಾಗಿ ಕೆಳಗೆ ಬೀಳುತ್ತಿತ್ತು. ಪ್ರೊಫೆಸರು ಕೈ ಉಜ್ಜಿಕೊಳ್ಳುತ್ತಿದ್ದರು. ಆದರೆ ಮೈಕು ಯಾವಾಗಲೂ ಒಂದೇ ಕಡೆ, ಆ ಸ್ಟೂಲಿನ ಪಕ್ಕದಲ್ಲೇ ಯಾಕೆ ಇರಬೇಕು? ಮೈಕು ಕೇಳಿದ ಜಾಗದಲ್ಲಿ ಸದ್ದು ಅಡಗುವುದು ಸರಿ, ಅದಕ್ಕೆಂದೇ ಯಂತ್ರ ಮಾಡಿದ್ದೇವೆ. ಬೇರೆ ಕಡೆ? ಒಂದು ಮಧ್ಯಾಹ್ನ ಪ್ರೊಫೆಸರು ಕೆ.ಆರ್. ಪೇಟೆಗೆ ಹೋಗಿದ್ದಾಗ ಇನ್ನೊಂದು ಮೈಕ್ ಹಿಡಿದು ಡ್ರಮ್ಮಿನೊಳಗೆಲ್ಲ ತಡಕಾಡಿದೆ. ತಳ ಗೋಡೆಗೆ ಸೇರುವ ಒಂದು ಮೂಲೆಯಲ್ಲಿ ಸದ್ದು ಮೊದಲಿಗಿಂತ ಜೋರಾಗಿತ್ತು. ನಮ್ಮ ಯಂತ್ರ ಹಚ್ಚಿದರೆ ಜೋರು, ಆರಿಸಿದರೆ ಕಮ್ಮಿ. ಉಪಗ್ರಹದ ಹಲಗೆಯ ಬದಲಿಗೆ ನಾವು ನಿಲ್ಲಿಸಿದ್ದ ತಗಡು ಇದ್ದದ್ದೂ ಅಲ್ಲೇ. ಅದು ಕೈಗೆ ಜುಮ್ಮೆನ್ನುವಷ್ಟು ನಡುಗುತ್ತಿತ್ತು.

ಸಂಜೆ ಹೇಳಿದೆ. ಪ್ರೊಫೆಸರು ಕನ್ನಡಕ ಒರೆಸಿಕೊಂಡರು.

"ಗೊತ್ತಮ್ಮ. ಮುಂದೆ ಸ್ಪೀಕರ್ ಜಾಸ್ತಿ ಮಾಡಿ, ಮೈಕ್ ಜಾಸ್ತಿ ಮಾಡಿ ಸರಿ ಮಾಡೋಣ. ಮುಂದೆ ಅನ್ನೋದು ಇರಬೇಕಾದ್ರೆ ರಾಕೆಟ್ಟಿನವರು ನೋಡೋಕೆ ಬಂದಾಗ ಇದು ಚೆನ್ನಾಗಿ ಕಾಣಬೇಕು. ಮೂಲೆ ವಿಷಯ ಈಗ ಎತ್ತಬೇಡ."

"ಕೇಳಿದರೆ?"

"ಕೇಳಲ್ಲ. ಸ್ಟೂಲಿನ ಮೇಲೆ ಕೂರಿಸ್ತೀವಿ."

ಕೆಟ್ಟ ಮನುಷ್ಯರಲ್ಲ ಅವರು. ಆದರೆ ನನಗೆ ಅವತ್ತಿನಿಂದ ಅವರು ಕುಡಿಯಲು ಕೊಟ್ಟ ಕಾಫಿಯ ಮೇಲೂ ಅನುಮಾನ ಶುರುವಾಯಿತು.

ನೋಡಲು ಬರುವವರು ಬಂದ ದಿನವೇ ಹುಳು ಹಣ್ಣಾದವು. ಬೆಳಗ್ಗೆ ನಾನು ತಂತಿಗಳನ್ನು ಜೋಡಿಸುತ್ತಿದ್ದಾಗ ಚಿಕ್ಕಮ್ಮ ಓಡಿಬಂದಳು. "ಎಲ್ಲಾ ಒಂದೇ ಕಿತಾ ಅಣ್ಣಾಗೋದ್ವು ಕಣಮ್ಮಿ! ಎದ್ರುಮನೆ ಬುಟ್ಟು ಎಲ್ರ ಮನೆಗೂ ಓಗ್ಬಂದೆ. ಒಬ್ಳಿಗೆ ಸೊಂಟ ನೋವಂತೆ, ಒಬ್ಳು ಪಾಂಡುಪುರ್ದ ಸಂತೆಗೆ ಓಗ್ಬೇಕಂತೆ. ಯಾರೂ ಬರಕಿಲ್ಲ." ಹುಳುಮನೆಗೆ ಹೋಗಿ ನೋಡಿದರೆ ತಟ್ಟೆ ತಟ್ಟೆಯಲ್ಲೂ ಹೊಂಬಣ್ಣಕ್ಕೆ ತಿರುಗಿದ ಹುಳುಗಳು ತಲೆಯೆತ್ತಿ ಏನನ್ನೋ ಹುಡುಕುತ್ತಿದ್ದವು. ಬಾಗಿಲಿನಲ್ಲಿ ಭಾವ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದ. ಎತ್ತಿಕೊಡಲಿಲ್ಲ, ಹೋಗಲೂ ಇಲ್ಲ.

ನಾನು ಎದುರುಮನೆಗೆ ನುಗ್ಗಿದೆ. ಆಕೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ನೀವು ಬಂದರೆ ಉಳಿದವರೂ ಬರ್ತಾರೆ" ಅಂದೆ. "ಹುಳು ಹಾಳಾಗ್ತಾವೆ."

"ನನ್ನವೂ ಆಳಾದ್ವಲ್ಲ, ಯಾರ್ ಬಂದ್ರು?"

"ನಮ್ಮ ಡ್ರಮ್ಮಿನಿಂದ ಅಲ್ಲ ಅದು. ದೇವರಾಣೆಗೂ ಅಲ್ಲ."

ಆಕೆ ಮೊರವನ್ನು ಪಕ್ಕಕ್ಕೆ ತಳ್ಳಿದಳು. "ಆಣೆ ಬ್ಯಾಡ. ನನ್ನ ಅದ್ರೊಳಗೆ ಕೂರ್ಸು. ತಗುದ್ ಸದ್ದ ಎಲ್ಲಿ ಮಡಗ್ತೀರ ಅಂತ ನಾನೇ ಕೇಳ್ತೀನಿ. ನಮ್ಮನೆ ಕಡೆ ಬಂದಿಲ್ಲ ಅಂತ ನನ್ ಕಿವಿಗೇ ಗೊತ್ತಾದ್ರೆ ಬತ್ತೀನಿ. ಇಲ್ದಿದ್ರೆ ನಿನ್ ಚಿಕ್ಕಮ್ಮ ನನ್ ಪಾಲಿಗೆ ಸತ್ಲು."

ಆಲೆಮನೆಯ ಮುಂದೆ ಅಷ್ಟು ಹೊತ್ತಿಗೆ ಜೀಪು ನಿಂತಿತ್ತು. ರಾಕೆಟ್ಟಿನವರ ಕಡೆಯಿಂದ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಪ್ರೊಫೆಸರ ಜೊತೆ ಎಳನೀರು ಕುಡಿಯುತ್ತಿದ್ದರು. ಎದುರುಮನೆಯಾಕೆಯನ್ನು ಮುಂದೆ ಕರೆದು, ಈಯಮ್ಮ ಮೊದಲು ಒಳಗೆ ಕೂರುತ್ತಾರೆ ಅಂದೆ. ಪ್ರೊಫೆಸರು ಕಣ್ಣಿನಲ್ಲೇ ಬೇಡ ಅಂದರು. ಅಧಿಕಾರಿ ಮಾತ್ರ ಖುಷಿಯಿಂದ, "ಕೂರಲಿ, ಕೂರಲಿ, ಊರಿನವರು ಏನಂತಾರೆ ನೋಡೋಣ" ಅಂದುಬಿಟ್ಟರು. ಹಾಗಾದರೆ ಸ್ಟೂಲಿನ ಮೇಲೆ ಕೂರಿಸು ಅಂತ ಪ್ರೊಫೆಸರು ನನಗೆ ಮೆಲ್ಲಗೆ ಹೇಳಿದರು.

ಒಳಗೆ ಹೋಗುತ್ತಲೇ ಲೆಕ್ಕ ಹಾಕಿದೆ. ಸ್ಟೂಲಿನ ಮೇಲೆ ಕೂತರೆ ಆಕೆಗೆ ಸದ್ದು ಇಲ್ಲದಂತಾಗುತ್ತದೆ. ಇಲ್ಲದಂತಾಯಿತು ಅಂದರೆ ಆಕೆಯ ಲೆಕ್ಕದಲ್ಲಿ ಅದು ಗಡಿ ದಾಟಿತು, ತನ್ನ ಮನೆಗೇ ಬಂತು. ಚಿಕ್ಕಮ್ಮನ ಕಥೆ ಅಲ್ಲಿಗೆ ಮುಗಿಯಿತು. ಮೂಲೆ ತೋರಿಸಿದರೆ ನಮ್ಮ ಯೋಜನೆಯ ಕಥೆ ಮುಗಿಯಿತು, ನನ್ನ ಕೆಲಸವೂ ಅದರ ಜೊತೆಗೆ. ಥೂ, ಎಂಥ ಇಕ್ಕಟ್ಟು ಅಂತ ನನ್ನನ್ನೇ ಬೈದುಕೊಂಡೆ.

ಹೊರಗಿದ್ದ ಪ್ರೊಫೆಸರಿಗೆ ಹೇಳಿ ಸದ್ದನ್ನು ತಗ್ಗಿಸಿ ಹಚ್ಚಿಸಿದೆ. ಡ್ರಮ್ಮು ಗುಂಯ್ ಅಂತು. ಆಕೆ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ತಿರುಗು ಸದ್ದು ಬಂತು, ಗುಂಯ್ ಕರಗಿತು. ಆಕೆ ನನ್ನ ಮುಖವನ್ನೇ ದಿಟ್ಟಿಸಿದಳು. "ಓಯ್ತು" ಅಂದಳು. ಆಕೆಯ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. "ಓಯ್ತಲ್ಲಮ್ಮಿ. ನಮ್ಮನೆ ಕಡೀಕೇ ಓಯ್ತು."

"ಎದ್ದೇಳಿ" ಅಂದೆ. ಕೈ ಹಿಡಿದು ಎಬ್ಬಿಸಿ ಮೂಲೆಗೆ ಕರೆದುಕೊಂಡು ಹೋಗಿ, ನೆಲಕ್ಕೆ ಬಗ್ಗಿಸಿ, ಆ ತಗಡಿನ ಪಕ್ಕ ಕಿವಿ ಇಡಿಸಿದೆ.

ಆಕೆ ಬೆಚ್ಚಿ ತಲೆ ಹಿಂದಕ್ಕೆಳೆದುಕೊಂಡಳು. ಮತ್ತೆ ಬಗ್ಗಿದಳು. ಅಂಗೈಯನ್ನು ತಗಡಿಗೆ ಇಟ್ಟಳು. ಆಮೇಲೆ ಹೊರಗಿದ್ದವರಿಗೆಲ್ಲ ಕೇಳಿಸುವ ಹಾಗೆ ಕೂಗಿದಳು: "ಇಲ್ಲೇ ಐತೆ ಕಣ್ರವ್ವೋ! ಎಲ್ಲೂ ಓಗಿಲ್ಲ, ಮೂಲೇಲಿ ಕುಂತೈತೆ! ಮೊದ್ಲಿಗಿಂತ್ಲೂ ಜಾಸ್ತಿ ಆಗೈತೆ!"

ಅಧಿಕಾರಿ ಎಳನೀರಿನ ಬುರುಡೆಯನ್ನು ಕೆಳಗಿಟ್ಟು ಒಳಗೆ ಬಂದರು. ಅದೇ ಮೂಲೆಯಲ್ಲಿ ಬಗ್ಗಿ ಕಿವಿಯಿಟ್ಟರು. ಪ್ರೊಫೆಸರು ಬಾಗಿಲಿನಲ್ಲೇ ನಿಂತಿದ್ದರು.

ಮುಂದೆ ಅವರಿಬ್ಬರ ನಡುವೆ ಏನು ಮಾತಾಯಿತೋ ನಾನು ಕೇಳಿಸಿಕೊಳ್ಳಲಿಲ್ಲ. ಎದುರುಮನೆಯಾಕೆ ಸೆರಗು ಸಿಕ್ಕಿಸಿಕೊಂಡು ಹೊರಟುಬಿಟ್ಟಿದ್ದಳು, ನಾನೂ ಹಿಂದೆಯೇ ಓಡಿದೆ. ಹೊಸ್ತಿಲಲ್ಲಿ ಕಾಲು ತೊಳೆದು ಹುಳುಮನೆಯೊಳಗೆ ಕಾಲಿಟ್ಟವಳೇ, "ಏನವ್ವ, ನಾನ್ ಬರ್ಲಿಲ್ಲ ಅಂದ್ರೆ ಕೂಗಾಕ್ ಬಾಯಿಲ್ವಾ ನಿಂಗೆ?" ಅಂತ ಚಿಕ್ಕಮ್ಮನಿಗೆ ಬೈದಳು. ಚಿಕ್ಕಮ್ಮ ತಟ್ಟೆ ಹಿಡಿದುಕೊಂಡೇ ಗೊಳೋ ಅಂತ ಅತ್ತುಬಿಟ್ಟಳು. ಸೊಂಟ ನೋವಿನವಳು ಬಂದಳು, ಸಂತೆಗೆ ಹೋಗಬೇಕಾದವಳೂ ಬಂದಳು. ಭಾವ ಹಲ್ಲುಕಡ್ಡಿ ಉಗಿದು ತನ್ನ ಮನೆ ಕಡೆ ನಡೆದ. ಮಧ್ಯಾಹ್ನದ ಹೊತ್ತಿಗೆ ಹುಳುಗಳೆಲ್ಲ ಚಂದ್ರಂಕಿಯ ಮೇಲಿದ್ದವು. ನನ್ನ ಬೆರಳಿಗೂ ನೂಲು ಸುತ್ತಿಕೊಂಡಿತ್ತು.

ಸಾಯಂಕಾಲ ಪ್ರೊಫೆಸರ ಜೊತೆ ಮೈಸೂರಿಗೆ ಹೊರಟೆ. ಯೋಜನೆ ಮುಂದುವರಿಯುವುದಿಲ್ಲ ಅಂತ ದಾರಿಯಲ್ಲಿ ಒಂದೇ ಮಾತಿನಲ್ಲಿ ಹೇಳಿದರು. ಬಾಬುರಾಯನಕೊಪ್ಪಲಿನಲ್ಲಿ ಕಾಫಿಗೆ ಅಂತ ಗಾಡಿ ನಿಲ್ಲಿಸಿದಾಗ ಅವರು ಲೋಟವನ್ನು ಕೈಯಲ್ಲಿ ತಿರುಗಿಸತೊಡಗಿದರು. ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು.

"ಆಯಮ್ಮನ್ನ ಸ್ಟೂಲಿನ ಮೇಲಿಂದ ಯಾಕೆ ಎಬ್ಬಿಸಿದೆ? ಅಲ್ಲೇ ಬಿಟ್ಟಿದ್ರೆ ಸದ್ದೇ ಇರ್ತಿರಲಿಲ್ಲವಲ್ಲ."

"ಅದಕ್ಕೇ ಎಬ್ಬಿಸಿದ್ದು ಸರ್" ಅಂದೆ. "ಸದ್ದು ಇಲ್ಲದೇ ಹೋಗಿದ್ದಿದ್ರೆ ನಮ್ಮ ಚಿಕ್ಕಮ್ಮನಿಗೆ ಇವತ್ತು ಮನೆ ಇರ್ತಿರಲಿಲ್ಲ."